ಬಯೋಡೇಟಾದಲ್ಲಿ ಹುಡುಗರ ಕೆಲಸ ಕಾಣಲಿ

ಮಾನ್ಯ ಸಂಪಾದಕರೇ,

ಐಟಿಐ ಫಲಿತಾಂಶ ಬಂದ ಮೇಲೆ ಬೆಳಗಾವಿಯ ಉದ್ಯಮಬಾಗದ ಮೆಷಿನ್ ಶಾಪ್‌ಗಳಿಗೆ (ಲೋಹದ ಬಿಡಿಭಾಗ ತಯಾರಿಸುವ ಘಟಕಗಳಿಗೆ) ಹುಡುಗರು ಬಯೋಡೇಟಾ ಹಿಡಿದು ಬರುತ್ತಾರೆ. ಗೋಕಾಕ, ಬೈಲಹೊಂಗಲ, ಖಾನಾಪುರ ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿರುತ್ತಾರೆ. ಇಲ್ಲಿನ ಒಂದು ಶಾಪ್‌ನಲ್ಲಿ ನಾನು ಸೂಪರ್‌ವೈಸರ್. ಅವರ ಬಯೋಡೇಟಾ ಮೊದಲು ಓದುವವನು ನಾನೇ. ಆ ಹುಡುಗರಿಗೋಸ್ಕರ ಈ ಪತ್ರ ಬರೆಯುತ್ತಿದ್ದೇನೆ.

ಬಂದ ಬಯೋಡೇಟಾಗಳನ್ನು ಪಕ್ಕಪಕ್ಕ ಇಟ್ಟರೆ ಹೆಸರು, ಫೋಟೊ ಬಿಟ್ಟು ಎಲ್ಲವೂ ಒಂದೇ. ಮೇಲೆ ಇಂಗ್ಲಿಷ್‌ನಲ್ಲಿ ಒಂದು ದೊಡ್ಡ ಗುರಿ. ಕೆಳಗೆ ತಂದೆಯ ಹೆಸರು, ಧರ್ಮ, ಹವ್ಯಾಸ ಕ್ರಿಕೆಟ್. ಝೆರಾಕ್ಸ್ ಅಂಗಡಿಯಲ್ಲಿ ಯಾರದೋ ಹಳೆಯ ಫೈಲ್ ತೆರೆದು, ಹೆಸರು ಬದಲಿಸಿ ಪ್ರಿಂಟ್ ಕೊಟ್ಟಿರುತ್ತಾರೆ. ಟರ್ನರ್ (ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಮೆಷಿನ್‌ನ ಕೆಲಸ) ಓದಿದ ಹುಡುಗನ ಹಾಳೆಯಲ್ಲಿ ಲೆಕ್ಕಪತ್ರದ ಟ್ಯಾಲಿ ಕೋರ್ಸ್ ನಮೂದಾಗಿದ್ದನ್ನು ನೋಡಿದ್ದೇನೆ. ಅದು ಏನೆಂದೇ ಅವನಿಗೆ ಗೊತ್ತಿರಲಿಲ್ಲ, ಪಾಪ.

ಎರಡು ವರ್ಷ ಲೇತ್ ಮುಂದೆ ನಿಂತು ಮಾಡಿದ ಕೆಲಸದ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ನನಗೆ ಬೇಕಾಗಿರುವುದು ಅದೇ ಅಲ್ವಾ? ಹೀಗೆ ಬರೆದರೆ ಸಾಕು: 'ಫೇಸಿಂಗ್, ಸ್ಟೆಪ್ ಟರ್ನಿಂಗ್, ಟೇಪರ್, ಹೊರ ಥ್ರೆಡ್ ನಾನೊಬ್ಬನೇ ಮಾಡುತ್ತೇನೆ. ಒಳ ಥ್ರೆಡ್ ಇನ್ನೂ ಕಲಿಯಬೇಕು. ಮೈಕ್ರೋಮೀಟರ್‌ನಲ್ಲಿ 0.01 ಮಿ.ಮೀ. ತನಕ ಅಳತೆ ನೋಡುತ್ತೇನೆ. ಸಿಎನ್‌ಸಿಯಲ್ಲಿ ಜಾಬ್ ಹಾಕಿ ತೆಗೆದಿದ್ದೇನೆ, ಪ್ರೋಗ್ರಾಂ ಬರೆಯಲು ಬರುವುದಿಲ್ಲ.' (ಮೊದಲಿನವು ಲೇತ್ ಕೆಲಸಗಳು. ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮೆಷಿನ್, ಜಾಬ್ ಅಂದರೆ ಮೆಷಿನ್‌ನಲ್ಲಿ ತಯಾರಿಸುವ ತುಂಡು.) ಇಷ್ಟು ಓದಿದರೆ ಈ ಹುಡುಗನನ್ನು ಯಾವ ಮೆಷಿನ್‌ಗೆ ನಿಲ್ಲಿಸಬೇಕು, ಯಾರ ಕೈಕೆಳಗೆ ಬಿಡಬೇಕು ಅನ್ನುವುದು ನನಗೆ ತಿಳಿಯುತ್ತದೆ. 'ಬರುವುದಿಲ್ಲ' ಎಂದು ಬರೆದವನನ್ನು ನಾನು ಇನ್ನೂ ಜಾಸ್ತಿ ನಂಬುತ್ತೇನೆ. ಯಾಕೆಂದರೆ ಸುಮ್ನೆ 'ಸಿಎನ್‌ಸಿ ಗೊತ್ತು' ಎಂದು ಬರೆದವನು ಆಫ್‌ಸೆಟ್ (ಟೂಲ್ ಎಲ್ಲಿಗೆ ಹೋಗಬೇಕೆಂಬ ಅಳತೆ) ತಪ್ಪು ಕೊಟ್ಟರೆ ಟೂಲ್ ಹೋಗಿ ಜಾಬ್ ಹಿಡಿದು ತಿರುಗಿಸುವ ಚಕ್‌ಗೆ ಬಡಿಯುತ್ತದೆ. ಮೆಷಿನ್ ನಿಲ್ಲುತ್ತದೆ, ಹುಡುಗನಿಗೂ ಪೆಟ್ಟಾಗಬಹುದು.

ಅಪ್ರೆಂಟಿಸ್ ಮುಗಿಸಿದವರೂ ಅದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಮುಗಿಸಿ, ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಯಾವ ವಿಭಾಗದಲ್ಲಿ ಇದ್ದಿರಿ, ಯಾವ ಮೆಷಿನ್ ನೋಡಿಕೊಂಡಿರಿ ಎಂದು ಅದರ ಜೊತೆಗೇ ಬರೆಯಿರಿ.

ಕಾಂಟ್ರಾಕ್ಟ್ ಮೇಲೆ ದುಡಿದವರು ಇನ್ನೊಂದು ವಿಷಯ ಗಮನಿಸಬೇಕು. ಕೆಲಸ ಒಂದು ಕಾರ್ಖಾನೆಯಲ್ಲಿ ಮಾಡಿದ್ದರೂ ಪಿಎಫ್ ಪಾಸ್‌ಬುಕ್‌ನಲ್ಲಿ ಕಾಂಟ್ರಾಕ್ಟರ್ ಹೆಸರು ಇರಬಹುದು. ಬಯೋಡೇಟಾದಲ್ಲಿ ಕಾರ್ಖಾನೆ ಹೆಸರು ಮಾತ್ರ ಹಾಕಿದರೆ, ಆಫೀಸಿನವರು ತಾಳೆ ನೋಡುವಾಗ ನಿಜ ಹೇಳಿದವನೂ ಸುಳ್ಳುಗಾರನಾಗಿ ಕಾಣುತ್ತಾನೆ. ಎರಡೂ ಹೆಸರು ಬರೆಯಿರಿ. ದುಡ್ಡು ಕೊಟ್ಟರೆ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಕೈಗೆ ಒಂದು ಡ್ರಾಯಿಂಗ್ (ಜಾಬ್‌ನ ಅಳತೆಯ ನಕ್ಷೆ) ಕೊಟ್ಟು ಮೆಷಿನ್ ಮುಂದೆ ನಿಲ್ಲಿಸಿದರೆ ಅದು ಮಧ್ಯಾಹ್ನದ ಊಟದೊಳಗೆ ಬಯಲಾಗುತ್ತದೆ.

ಈಗ ಕೆಲವರು ತಾವು ಮಾಡಿದ ಜಾಬ್‌ಗಳ ಫೋಟೊ ಮೊಬೈಲ್‌ನಲ್ಲಿ ತೋರಿಸುತ್ತಾರೆ. ಒಳ್ಳೆಯ ಅಭ್ಯಾಸ. ಐಟಿಐಯಲ್ಲಿ ಮಾಡಿದ ಜಾಬ್ ಆದರೆ ಧಾರಾಳವಾಗಿ ತೋರಿಸಿ. ಹಿಂದಿನ ಕಂಪನಿಯ ಡ್ರಾಯಿಂಗ್ ಫೋಟೊ ಮಾತ್ರ ಬೇಡ. ಅದು ಗಿರಾಕಿಯ ಸ್ವತ್ತು. ಇವತ್ತು ಅವರದನ್ನು ನನಗೆ ತೋರಿಸಿದವನು ನಾಳೆ ನಮ್ಮದನ್ನು ಬೇರೆಯವರಿಗೆ ತೋರಿಸುತ್ತಾನೆ ಎಂಬ ಯೋಚನೆ ಬಂದೇ ಬರುತ್ತದೆ.

ಫೋನ್ ನಂಬರ್ ಬಗ್ಗೆಯೂ ಹೇಳಲೇಬೇಕು. ಆಯ್ಕೆಯಾಗಿದೆ ಎಂದು ತಿಳಿಸಲು ಫೋನ್ ಮಾಡಿದರೆ ಮಾವ ಎತ್ತುತ್ತಾರೆ, ಇಲ್ಲವೇ ಆ ನಂಬರ್ ಬಂದ್ ಆಗಿರುತ್ತದೆ. ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇಷ್ಟಕ್ಕೂ ಇಂಗ್ಲಿಷ್‌ನಲ್ಲೇ ಇರಬೇಕೆಂದು ಯಾರು ಹೇಳಿದರು? ನಮ್ಮ ಶಾಪ್‌ನಲ್ಲಿ ಮಾತು ಕನ್ನಡ, ಮರಾಠಿಯಲ್ಲೇ ನಡೆಯುತ್ತದೆ. ಹುಡುಗ ತನ್ನ ಕೈಯಿಂದ ಕನ್ನಡದಲ್ಲಿ ಬರೆದ ಒಂದು ಪುಟ ತಂದರೆ ನಾನು ಖುಷಿಯಿಂದ ಓದುತ್ತೇನೆ. ಇಂಗ್ಲಿಷ್ ಪ್ರತಿ ಬೇಕೆನ್ನುವ ದೊಡ್ಡ ಕಂಪನಿಗೆ ಅದನ್ನೇ ಯಾರಿಂದಲಾದರೂ ಇಂಗ್ಲಿಷ್ ಮಾಡಿಸಿಕೊಳ್ಳಬಹುದು.

ಐಟಿಐ ಪ್ರಾಚಾರ್ಯರಲ್ಲಿ, ತರಬೇತಿ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಹುಡುಗರು ಮಾಡಿದ ಪ್ರತಿ ಜಾಬ್‌ನ ಡ್ರಾಯಿಂಗ್, ಅಳತೆ, ಅಂಕ ಎಲ್ಲವೂ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ಇರುತ್ತವೆ. ಕೊನೆಯ ಪರೀಕ್ಷೆಗೆ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಆ ರೆಕಾರ್ಡ್ ಎದುರಿಗಿಟ್ಟು ಪ್ರತಿಯೊಬ್ಬರಿಂದ ಬಯೋಡೇಟಾ ಬರೆಸಿ. ಕಲಿಸಿದ ಮೇಷ್ಟ್ರು ಅದನ್ನು ಓದಿ ತಿದ್ದಲಿ. ಪರೀಕ್ಷೆ ಮುಗಿದ ಮೇಲೆ ಆ ರೆಕಾರ್ಡ್ ಪುಸ್ತಕವನ್ನೂ ಹುಡುಗರ ಕೈಗೇ ಕೊಟ್ಟು ಕಳಿಸಿ. ಸಂದರ್ಶನಕ್ಕೆ ಬರುವಾಗ ಅವರು ಅದನ್ನೂ ತರಲಿ.

– ಮೆಷಿನ್ ಶಾಪ್ ಸೂಪರ್‌ವೈಸರ್, ಉದ್ಯಮಬಾಗ, ಬೆಳಗಾವಿ