ನಮ್ಮ ಬೀದಿಯ ವೀರಗಲ್ಲಿಗೊಂದು ಸೂರು ಬೇಕು

ಆತ್ಮೀಯರೇ,

ಬೆಂಗಳೂರಿನ ನಮ್ಮ ಬಡಾವಣೆಯ ಕೊನೆಯಲ್ಲಿ, ಚರಂಡಿ ಪಕ್ಕ, ಎದೆಮಟ್ಟದ ಒಂದು ಕಲ್ಲಿದೆ. ನೀವೂ ಅದರ ಪಕ್ಕ ಬೈಕ್ ನಿಲ್ಲಿಸಿರಬಹುದು. ಹೋದ ಮಳೆಗಾಲದಲ್ಲಿ ಬುಡದ ಮಣ್ಣು ಕೊಚ್ಚಿಹೋಗಿ ಕಲ್ಲು ಒಂದು ಕಡೆಗೆ ವಾಲಿತು. ನಾವು ಅದನ್ನು ಸರಿಯಾಗಿ ನೋಡಿದ್ದೇ ಆಗ.

ಅದು ವೀರಗಲ್ಲು. ಕೆಳಗೆ ಕತ್ತಿ ಹಿಡಿದು ನಿಂತವನೊಬ್ಬ, ಅವನ ಹಿಂದೆ ಮೂರು ಹಸು. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತವನೂ ಅವನೇ. ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನಿರಬೇಕು. ನಡುಪಟ್ಟಿಯಲ್ಲಿ ಎರಡು ಸಾಲು ಅಕ್ಷರಗಳಿವೆ. ಯಾರೋ ಭಕ್ತಿಯಿಂದ ಅದರ ಮೇಲೆ ಪೇಂಟು ಬಳಿದಿದ್ದಾರೆ. ಹೆಸರಿದ್ದ ಜಾಗವಂತೂ ಸವೆದೇ ಹೋಗಿದೆ.

ಕೆಂಪೇಗೌಡರು ಕೋಟೆ ಕಟ್ಟಿಸಿದ್ದು 1537ರಲ್ಲಿ ಅಂತ ಶಾಲೆ ಮಕ್ಕಳಿಗೂ ಗೊತ್ತು. ಆದರೆ 'ಬೆಂಗಳೂರು ಕಾಳಗ' ಅನ್ನುವ ಮಾತು ಬೇಗೂರಿನ ದೇವಸ್ಥಾನದ ಕಲ್ಲಿನ ಮೇಲೆ ಸುಮಾರು 890ರಲ್ಲೇ ಬಂದಿದೆ. ಅದೂ ಯುದ್ಧದಲ್ಲಿ ಸತ್ತವನ ನೆನಪಿನ ಕಲ್ಲೇ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯ ಅನ್ನುವ ವೀರನ ಕಲ್ಲು ಇನ್ನೂ ಹಳೆಯದು, ಸುಮಾರು 750ರದ್ದು. ಅದು ಜನರ ಕಣ್ಣಿಗೆ ಮತ್ತೆ ಬಿದ್ದದ್ದು 2018ರಲ್ಲಿ! ಶಾಸನ ತಜ್ಞ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲೇ ಅಚ್ಚು ಹಾಕಿಸಿದರು. ಅವರು ಓದಿದ ಎಷ್ಟೋ ಕಲ್ಲುಗಳು ಈಗ ಇಲ್ಲ. ಸೈಟು, ರಸ್ತೆ, ಪಾಯ ಅಂತ ಹೋಗಿಬಿಟ್ಟವು.

'ಮ್ಯೂಸಿಯಂಗೆ ಕೊಟ್ಟುಬಿಡಿ' ಅಂತ ಕೆಲವರು ಹೇಳಿದರು. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನದೇ ಒಂದು ದೊಡ್ಡ ವೀರಗಲ್ಲಿದೆ. ಖಂಡಿತ ಹೋಗಿ ನೋಡಿ. ಆದರೆ ನಮ್ಮ ಕಲ್ಲನ್ನೂ ಅಲ್ಲಿಗೆ ಸಾಗಿಸಿದರೆ, ಇಲ್ಲಿ ದಿನಾ ಓಡಾಡುವವರಿಗೆ ಈ ಜಾಗ ಸುಮ್ನೆ ಒಂದು ಬಸ್ ಸ್ಟಾಪ್, ಅಷ್ಟೇ. ಕಲ್ಲು ಇಲ್ಲೇ ಇರಲಿ ಅನ್ನೋದು ನಮ್ಮ ಹಠ.

ಆಗಬೇಕಾದ ಕೆಲಸ ಇಷ್ಟು. ಕಲ್ಲನ್ನು ನೇರ ನಿಲ್ಲಿಸಿ ಬುಡ ಭದ್ರ ಮಾಡುವುದು. ತಿಳಿದವರ ಕೈಯಿಂದಲೇ ಪೇಂಟು ತೆಗೆಸುವುದು. ಇದಕ್ಕೆ ದುಡ್ಡು ಜಾಸ್ತಿ ಬೇಕು, ಆದರೆ ಆಸಿಡ್ ಹಾಕಿ ತೊಳೆಯುವ ಕೆಲಸ ನಾವು ಮಾಡುವುದಿಲ್ಲ. ಅಕ್ಷರಗಳನ್ನು ಸ್ಕ್ಯಾನ್ ಮಾಡಿಸುವುದು. ನಾಲ್ಕು ಕಲ್ಲುಕಂಬದ ಸಣ್ಣ ಮಂಟಪ, ಒಂದು ಕನ್ನಡ ಫಲಕ. ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟಿದ್ದೇವೆ. ಅನುಮತಿ ಬಂದ ಮೇಲೆಯೇ ಕೆಲಸ ಶುರು.

100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ದುಡ್ಡು ಕೊಡಲಾಗದವರು ಮರಳು, ಇಟ್ಟಿಗೆ, ಒಂದು ದಿನದ ಕೆಲಸ, ಏನು ಕೊಟ್ಟರೂ ಸಂತೋಷ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ದಾನಿಗಳ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತಿಸುವುದಿಲ್ಲ, ಈ ಕೆಲಸ ನಡೆಸುತ್ತಿರುವ ನಮ್ಮ ಟ್ರಸ್ಟಿನ ಪುಸ್ತಕದಲ್ಲಿ ಬರೆದಿಡುತ್ತೇವೆ. ಸತ್ತವನ ಹೆಸರೇ ಅಳಿಸಿಹೋದ ಕಡೆ ನಮ್ಮ ಹೆಸರು ದಪ್ಪಕ್ಷರದಲ್ಲಿ ಇದ್ದರೆ ಚೆನ್ನಾಗಿರಲ್ಲ, ಅಲ್ವಾ?

ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ರಸೀದಿ ಪುಸ್ತಕದ ಸಮೇತ ಕಲ್ಲಿನ ಹತ್ತಿರವೇ ಇರುತ್ತೇವೆ. ಬನ್ನಿ. ಮಕ್ಕಳನ್ನೂ ಕರೆತನ್ನಿ, ಹಸುಗಳನ್ನು ತೋರಿಸುತ್ತೇವೆ.

ಇತಿ,
ಟ್ರಸ್ಟಿನ ಪರವಾಗಿ ಕಾರ್ಯದರ್ಶಿ