ಆ ಬೋಲ್ಟು ಸಿನಿಮಾದ್ದು, ಪುಟ್ಟಾ

ಕ್ಯಾಲ್ಗರಿ, ಕೆನಡಾ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜು ಎರಡು ಸಲ ಓದಿದೆ. ಅಷ್ಟುದ್ದದ್ದಕ್ಕೆ ಫೋನಿನಲ್ಲಿ ಹೆಬ್ಬೆರಳಿಂದ ಕುಟ್ಟಿ ಉತ್ತರ ಕೊಡುವುದು ನನ್ನ ಕೈಲಾಗದು, ಅದಕ್ಕೇ ಕಾಗದ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಸೇರಿ ‘ಕೂಲ್ ರನ್ನಿಂಗ್ಸ್’ ನೋಡಿದಿರಂತೆ. ಕೊನೆಗೆ ಆ ನಾಲ್ವರು ಜಮೈಕಾ ಹುಡುಗರು ಮುರಿದ ಬಾಬ್‌ಸ್ಲೆಡ್ಡನ್ನು, ಅದೇ ಮಂಜುಗಡ್ಡೆಯ ಇಳಿಜಾರಿನಲ್ಲಿ ಕೂತು ಜಾರುವ ಗಾಡಿಯನ್ನು, ಹೆಗಲ ಮೇಲೆ ಹೊತ್ತು ಗೆರೆ ದಾಟುವಾಗ ಅತ್ತಿರಂತೆ. ಅಳಬೇಕಾದ್ದೇ, ನಾನೂ ಅತ್ತವಳೇ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಯೂನಿವರ್ಸಿಟಿ ರಿಲೇಯಲ್ಲಿ ಬ್ಯಾಟನ್ ಬಿದ್ದಾಗ ನಮಗೂ ಆದದ್ದು ಅದೇ ಅತ್ತೆ, ಬೋಲ್ಟು ಸಡಿಲ ಇತ್ತು, ಅಷ್ಟೇ’ ಅಂತ, ಅದು ನನಗೆ ಸರಿ ಕಾಣಲಿಲ್ಲ.

ಯಾಕೆಂದರೆ ಸಿನಿಮಾದಲ್ಲಿ ಸಡಿಲವಾಗಿ ಕಳಚಿ ಸ್ಲೆಡ್ಡನ್ನು ಮಗುಚಿದ ಆ ಬೋಲ್ಟು ನಿಜದಲ್ಲಿ ಇರಲೇ ಇಲ್ಲ ಕಣೋ. ಅದು ಚಿತ್ರಕಥೆ ಬರೆದವರು ಜೋಡಿಸಿದ್ದು.

ನಾನಿರುವುದು ಅದೇ ಊರಿನಲ್ಲಿ. 1988ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲೇ, 1993ರಲ್ಲಿ ಬಂದ ಆ ಸಿನಿಮಾದ ಒಂದು ಭಾಗವನ್ನು ಚಿತ್ರೀಕರಿಸಿದ್ದೂ ಇಲ್ಲೇ. ಊರಿನ ಪಶ್ಚಿಮಕ್ಕೆ ಹೆದ್ದಾರಿ ಪಕ್ಕದ ಗುಡ್ಡದ ಮೇಲೆ ಬಾಬ್‌ಸ್ಲೆಡ್ ಟ್ರ್ಯಾಕು. 2019ರಲ್ಲಿ, ದುರಸ್ತಿಗೆ ಸಾಕಷ್ಟು ದುಡ್ಡು ಹೊಂದಿಸಲಾಗದೆ, ಮುಚ್ಚಿಬಿಟ್ಟರು. ಇಲ್ಲಿ ಚಿನೂಕ್ ಅಂತ ಒಂದು ಬೆಚ್ಚನೆಯ ಗಾಳಿ, ಬೀಸಿದರೆ ಜನವರಿಯಲ್ಲೂ ಮನೆ ಮುಂದಿನ ಹಿಮ ಕರಗಿ ನೀರಾಗಿ ಹರಿಯುತ್ತದೆ. ಒಲಿಂಪಿಕ್ಸ್ ಹೊತ್ತಿಗೂ ಬೀಸಿತ್ತು. ಟ್ರ್ಯಾಕಿನ ಮೇಲೆಲ್ಲ ಧೂಳು, ಮರಳು ಬಂದು ಕೂತು ಸ್ಪರ್ಧೆಯನ್ನೇ ಮುಂದೂಡಬೇಕಾಯಿತು. ನೆಪ ಬೇಕಿದ್ದವರಿಗೆ ಆ ಗಾಳಿಯೇ ಸಾಕಿತ್ತು.

ಈಗ ನಿಜವಾಗಿ ಏನಾಯಿತು ಕೇಳು. ಸಿನಿಮಾದಲ್ಲಿ ಬೇಸಿಗೆ ಒಲಿಂಪಿಕ್ಸಿನ ಆಯ್ಕೆ ಓಟದಲ್ಲಿ ಎಡವಿಬಿದ್ದವರು ಸೇರಿ ತಂಡ ಕಟ್ಟುತ್ತಾರಲ್ಲ, ಹಾಗಲ್ಲ. ಜಾರ್ಜ್ ಫಿಚ್, ವಿಲಿಯಂ ಮಲೋನಿ ಎಂಬ ಇಬ್ಬರು ಅಮೆರಿಕನ್ನರು ಜಮೈಕಾದಲ್ಲಿ ತಳ್ಳುಗಾಡಿ ಪಂದ್ಯ ನೋಡಿ, ಇದಕ್ಕೂ ಬಾಬ್‌ಸ್ಲೆಡ್ಡಿಗೂ ಏನು ದೊಡ್ಡ ವ್ಯತ್ಯಾಸ ಅಂದುಕೊಂಡರು. ಹೆಸರಾಂತ ಓಟಗಾರರು ಒಲ್ಲೆ ಅಂದದ್ದಕ್ಕೆ ಸೈನ್ಯದ ಕದ ತಟ್ಟಿದರು. ಡಡ್ಲಿ ಸ್ಟೋಕ್ಸ್ ಸೈನ್ಯದ ಕ್ಯಾಪ್ಟನ್, ಹೆಲಿಕಾಪ್ಟರ್ ಪೈಲಟ್. ಡೆವನ್ ಹ್ಯಾರಿಸ್ ಕಿಂಗ್‌ಸ್ಟನ್ನಿನ ಬಡ ಕೇರಿಯಲ್ಲಿ ಬೆಳೆದು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಾಗಿ ಲೆಫ್ಟಿನೆಂಟ್ ಆದವನು. ಮೂರನೆಯವನು ಮೈಕಲ್ ವೈಟ್. ನಾಲ್ಕನೆಯವನು ಡಡ್ಲಿಯ ತಮ್ಮ ಕ್ರಿಸ್. ಅವನು ಕ್ಯಾಲ್ಗರಿಗೆ ಬಂದದ್ದು ಅಣ್ಣನ ಸ್ಪರ್ಧೆ ನೋಡೋಕೆ! ತಂಡದಲ್ಲಿದ್ದವನಿಗೆ ಪೆಟ್ಟಾಯಿತು, ಇವನನ್ನು ಕೂರಿಸಿದರು. ಅದಕ್ಕೆ ಮುಂಚೆ ಬಾಬ್‌ಸ್ಲೆಡ್ಡಿನಲ್ಲಿ ಕೂತವನೇ ಅಲ್ಲ. ಇದನ್ನು ಸಿನಿಮಾದಲ್ಲಿ ಹಾಕಿದ್ದರೆ ಜನ ನಂಬುತ್ತಿರಲಿಲ್ಲ ಅಂತ ಬಿಟ್ಟರೋ ಏನೋ.

ಆ ಮುಖ ಸಿಂಡರಿಸುವ ಪೂರ್ವ ಜರ್ಮನರ ಹಗೆತನವೂ ಕಟ್ಟುಕತೆಯೇ. ಬೇರೆ ದೇಶದವರು ಇವರಿಗೆ ಸ್ಲೆಡ್ ಎರವಲು ಕೊಟ್ಟು ಸಹಾಯ ಮಾಡಿದವರು. ದಪ್ಪ ಹೊಟ್ಟೆಯ ಆ ಕೋಚ್ ಕೂಡ ಕಲ್ಪನೆಯವನು.

ಬಾಬ್‌ಸ್ಲೆಡ್ಡಿನಲ್ಲಿ ಎರಡು ಕೆಲಸ. ಮೊದಲ 50 ಮೀಟರ್ ನಾಲ್ವರೂ ತಳ್ಳುತ್ತಾ ಓಡಿ ಒಳಗೆ ಹಾರುವುದು ಒಂದು. ಆಮೇಲೆ ಮುಂದೆ ಕೂತವನು ಎರಡು ಹಗ್ಗದ ಬಳೆ ಹಿಡಿದು, ಗಂಟೆಗೆ 120-130 ಕಿಲೋಮೀಟರ್ ವೇಗದಲ್ಲಿ, ಒಂದೊಂದು ತಿರುವಿಗೂ ಕೂದಲೆಳೆಯಷ್ಟೇ ಎಳೆದು ದಾರಿ ತೋರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಜಮೈಕಾದವರು ಗಟ್ಟಿಗರು, ಓಟ ಅವರಿಗೆ ರಕ್ತದಲ್ಲೇ ಬಂದದ್ದು ಅನ್ನಬೇಕು. ಎರಡನೆಯದನ್ನು ಸ್ವಿಸ್ಸರು, ಜರ್ಮನರು ವರ್ಷಗಟ್ಟಲೆ ಮಾಡಿ ಕೈಗೆ ಹತ್ತಿಸಿಕೊಂಡಿದ್ದರು. ಮುಂದೆ ಕೂತು ಓಡಿಸುತ್ತಿದ್ದ ಡಡ್ಲಿ ಶುರುಮಾಡಿದ್ದೇ ಅದರ ಹಿಂದಿನ ಶರತ್ಕಾಲದಲ್ಲಿ, ಅಂದರೆ ಅರ್ಧ ವರ್ಷವೂ ಆಗಿರಲಿಲ್ಲ. ಫೆಬ್ರವರಿ 28ರಂದು ಮೂರನೆಯ ಸುತ್ತಿನಲ್ಲಿ ತಳ್ಳಿದ್ದು ಚೆನ್ನಾಗಿಯೇ ಇತ್ತು. ಕ್ರೈಸೆಲ್ ಎಂಬ ದೊಡ್ಡ ಸುತ್ತು ತಿರುವಿನಲ್ಲಿ ಹಿಡಿತ ತಪ್ಪಿ ಸ್ಲೆಡ್ಡು ಗೋಡೆ ಹತ್ತಿತು, ಮಗುಚಿತು, ನಾಲ್ವರ ಹೆಲ್ಮೆಟ್ಟುಗಳೂ ಹಿಮದ ಗೋಡೆಗೆ ಉಜ್ಜುತ್ತಾ ಕೆಳಗೆ ಜಾರಿದವು. ಸಿನಿಮಾದಲ್ಲಿ ಅಲ್ಲಲ್ಲಿ ಸೇರಿಸಿರುವುದು ಆ ದಿನದ ಅಸಲಿ ದೃಶ್ಯಗಳನ್ನೇ. ಕಳಚಿದ್ದು ಯಾವ ಭಾಗವೂ ಅಲ್ಲ, ಕೈಗೆ ಬರದ ವಿದ್ಯೆ. ಅವರು ಸ್ಲೆಡ್ಡನ್ನು ಹೊರಲೂ ಇಲ್ಲ, ಅದು ಹೊರುವಂಥ ತೂಕದ್ದಲ್ಲ. ಪಕ್ಕದಲ್ಲಿ ನಡೆದು ಬಂದರು, ಜನ ಚಪ್ಪಾಳೆ ತಟ್ಟಿದರು. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಪೂರೈಸಲಿಲ್ಲ’ ಅಂತಲೇ ಇದೆ.

ಸಿನಿಮಾದವರನ್ನು ನಾನು ಬೈಯುವುದಿಲ್ಲ. ಎರಡು ಗಂಟೆಯಲ್ಲಿ ಹೀರೋ ಬೀಳಬೇಕು, ತಪ್ಪು ಮಾತ್ರ ಅವನದಾಗಬಾರದು. ಅದಕ್ಕೊಂದು ಬೋಲ್ಟು ಬೇಕು. ಆದರೆ ಆ ಬೋಲ್ಟು ಹಾಕಿದ್ದರಿಂದ ಇಡೀ ಕತೆಯಲ್ಲಿ ನಿನ್ನಂಥವನಿಗೆ ಅತಿ ಹೆಚ್ಚು ಬೇಕಾದದ್ದೇ ಕೈತಪ್ಪಿ ಹೋಯಿತು. ಬೋಲ್ಟು ಕಳಚಿದ್ದೇ ಆಗಿದ್ದರೆ ಡಡ್ಲಿ ಕಲಿಯುವುದೇನಿತ್ತು? ಹೊಸ ಸ್ಲೆಡ್ ಕೊಂಡರೆ ಮುಗಿಯಿತು. ಅವನು ಓಡಿಸುವುದನ್ನು ಕಲಿಯೋಕೆ ಹೋದ. 1992ರಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್‌ನ ಒಲಿಂಪಿಕ್ಸಿನಲ್ಲಿ 25ನೆಯ ಸ್ಥಾನ. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ 14ನೆಯ ಸ್ಥಾನ, ಅಮೆರಿಕಕ್ಕಿಂತ, ರಷ್ಯಾಕ್ಕಿಂತ ಮುಂದೆ! ಹಗ್ಗ ಹಿಡಿದಿದ್ದವನು ಅದೇ ಡಡ್ಲಿ, ತಮ್ಮ ಕ್ರಿಸ್ಸೂ ತಂಡದಲ್ಲಿದ್ದ. ಸಿನಿಮಾ ಬಿಡುಗಡೆಯಾಗಿ ಆಗಿನ್ನೂ ಕೆಲವೇ ತಿಂಗಳು, ಜಗತ್ತೆಲ್ಲ ಇವರು ಮಗುಚಿದ್ದನ್ನು ಥಿಯೇಟರಿನಲ್ಲಿ ನೋಡಿ ಕಣ್ಣೊರೆಸಿಕೊಳ್ಳುತ್ತಿತ್ತು. ನನ್ನ ಕೇಳಿದರೆ ಸಿನಿಮಾ ಮಾಡಬೇಕಾದದ್ದು ಆ 14ನೆಯ ಸ್ಥಾನದ ಮೇಲೆ. ಮಾಡಿದ್ದರೆ ಯಾರೂ ಟಿಕೆಟ್ ಕೊಳ್ಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಈಗ ನಿನ್ನ ರಿಲೇ. ನೂರು ಮೀಟರಿನಲ್ಲಿ ನಿಮ್ಮ ನಾಲ್ವರ ಟೈಮಿಂಗೂ ಚೆನ್ನಾಗಿದೆ ಅಂತ ನೀನೇ ಹೇಳುತ್ತೀಯ. ಬ್ಯಾಟನ್ ಬಿದ್ದದ್ದು ಎರಡನೆಯವನಾದ ನಿನ್ನ ಕೈಗೂ ಮೂರನೆಯ ಹುಡುಗನ ಕೈಗೂ ನಡುವೆ. ಅವನ ಕೈ ಬೆವೆತಿತ್ತು, ಟ್ರ್ಯಾಕ್ ಒದ್ದೆ ಇತ್ತು, ಬ್ಯಾಟನ್ ಹಳೇದು ಅಂತ ಮೂರು ಕಾರಣ ಬರೆದಿದ್ದೀಯ. ಸ್ಪರ್ಧೆಗೆ ಮುಂಚೆ ಪೂರ್ತಿ ವೇಗದಲ್ಲಿ ಎಷ್ಟು ಸಲ ಬದಲಾಯಿಸಿ ನೋಡಿದ್ದಿರಿ ಅನ್ನುವುದನ್ನು ಮಾತ್ರ ಬರೆದಿಲ್ಲ. ಸುಮ್ಮನೆ ಜಾಗಿಂಗ್ ಮಾಡುತ್ತಾ ಕೈ ಬದಲಾಯಿಸಿದ್ದು ಲೆಕ್ಕಕ್ಕಿಲ್ಲ. ಈಗಿನ ನಿಯಮದಲ್ಲಿ ಬದಲಾಯಿಸುವ ವಲಯ 30 ಮೀಟರ್. ಮುಂದಿನವನು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಾನೆ, ಅಂದರೆ ಅವನು ಓಟ ಶುರುಮಾಡುವ ಗುರುತು ಕರಾರುವಾಕ್ಕಾಗಿರಬೇಕು. ಆ ಗುರುತು ನಿನ್ನ ವೇಗಕ್ಕೆ ಹೊಂದಿದ್ದು, ಇನ್ನೊಬ್ಬರದ್ದನ್ನು ಎರವಲು ತರುವಂಥದ್ದಲ್ಲ. ಅವನು ಬೇಗ ಹೊರಟನೋ, ನೀನು ಕೊನೆಯಲ್ಲಿ ಸೋತು ನಿಧಾನವಾದೆಯೋ, ಅದು ಗೊತ್ತಾಗಬೇಕಾದರೆ ಪಕ್ಕದಿಂದ ವಿಡಿಯೋ ಮಾಡಿಸಿ ಇಬ್ಬರೂ ಒಟ್ಟಿಗೆ ಕೂತು ನೋಡಬೇಕು. ತಪ್ಪು ಅವನದೇ ಅಂತ ಕಂಡರೂ ಮುಂದಿನ ವಾರ ಅವನ ಜೊತೆಗೇ ಓಡಬೇಕಲ್ಲ. ಮೀಟ್ ಮುಗಿದ ಮೇಲೆ ಅವನ ಜೊತೆ ಮಾತು ಬಿಟ್ಟಿದ್ದೀಯ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅದನ್ನು ಮೊದಲು ಸರಿಮಾಡು.

ಸೆಮಿಸ್ಟರ್ ಬಿಟ್ಟು ಬೆಂಗಳೂರಿಗೆ ಹೋಗಿ ಪೂರ್ತಿ ತರಬೇತಿ ಅನ್ನುವ ನಿನ್ನ ಮಾತಿಗೆ ನನ್ನ ಬೆಂಬಲ ಇಲ್ಲ. ಕ್ರಿಸ್ ಸ್ಟೋಕ್ಸ್ ಸ್ಲೆಡ್ಡಿಗೆ ಹತ್ತಿದಾಗ ಅಮೆರಿಕದಲ್ಲಿ ಓದುತ್ತಿದ್ದ. ಡಡ್ಲಿಗೂ ಡೆವನ್‌ಗೂ ಸೈನ್ಯದ ಸಂಬಳವಿತ್ತು. ಅಷ್ಟಿದ್ದೂ ಖರ್ಚಿಗೆ ಟೀ ಶರ್ಟ್ ಮಾರಿದವರು ಅವರು. ನಿಮ್ಮಪ್ಪನ ಹತ್ತಿರ ಈ ವಿಷಯ ಎತ್ತುವ ಮುಂಚೆ ಲೆಕ್ಕ ಬರೆದುಕೋ: ರೂಮು, ಊಟ, ಕೋಚಿಂಗ್, ಎಲ್ಲ. ಲೆಕ್ಕ ಬರೆದರೆ ಅರ್ಧ ಆಸೆ ತಾನಾಗೇ ಇಳಿಯುತ್ತದೆ. ಇಳಿಯದೆ ಉಳಿದ ಅರ್ಧಕ್ಕೆ ರಜೆಯಲ್ಲಿ ನಾನು ಸಹಾಯ ಮಾಡುತ್ತೇನೆ, ಇದನ್ನು ನಿಮ್ಮಪ್ಪನಿಗೂ ಹೇಳಬಹುದು.

ಇನ್ನೊಂದು, ಮರೆಯುವ ಮುಂಚೆ. ಅದೇ 1988ರಲ್ಲಿ ಇದೇ ಊರಿಗೆ ನಮ್ಮ ಭಾರತದಿಂದಲೂ ಸ್ಕೀ ಮಾಡುವವರು ಬಂದಿದ್ದರು. ಅವರಲ್ಲಿ ಶೈಲಜಾ ಕುಮಾರ್, ಚಳಿಗಾಲದ ಒಲಿಂಪಿಕ್ಸಿಗೆ ಬಂದ ನಮ್ಮ ದೇಶದ ಮೊದಲ ಹೆಂಗಸು. ಆಕೆಯ ಮೇಲೆ ಯಾವ ಸಿನಿಮಾನೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಿನ್ನ ತಂಗಿಗೆ ಹೇಳು, ಅವಳು ಸ್ಕೇಟಿಂಗ್ ಅಂತ ಕುಣಿಯುತ್ತಿದ್ದಳಲ್ಲ.

ಜೂನಿನಲ್ಲಿ ಊರಿಗೆ ಬರುತ್ತೇನೆ. ಇಲ್ಲಿ ಓಟದ ಮೊಳೆ ಬೂಟು, ಸ್ಪೈಕ್ಸ್, ರಿಯಾಯಿತಿಗೆ ಬಂದಿದೆ, ನಿನಗೊಂದು ಜೊತೆ, ಆ ಮೂರನೆಯ ಹುಡುಗನಿಗೊಂದು ಜೊತೆ ತರೋಣ ಅಂದುಕೊಂಡಿದ್ದೇನೆ. ನಿನ್ನ ಸೈಜು ನಿನ್ನಮ್ಮ ಹೇಳಿದಳು. ಅವನದನ್ನು ನೀನೇ ಅವನ ಹತ್ತಿರ ಕೇಳಿ ಬರೆ.

ಇತಿ,
ನಿನ್ನ ಅತ್ತೆ