ಭಟ್ಟಿ ಚಾಚಾ ಅವರಿಗೆ, ಮತ್ತು ಉಳಿದವರಿಗೆ

ಸೋಮವಾರ ವರದಿ ಬಂತು. ಮಾತ್ರೆ ಮುಗಿಸಿ ಹನ್ನೆರಡು ವಾರ ಕಾದು ಮಾಡಿಸಿದ ಪರೀಕ್ಷೆ. ಹೆಪಟೈಟಿಸ್ ಸಿ ವೈರಾಣು ‘ಪತ್ತೆಯಾಗಿಲ್ಲ’. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಹುಟ್ಟಿನೊಂದಿಗೆ ಬಂದದ್ದು, ಅದು ಇದ್ದೇ ಇದೆ. ಎಡ ಮೊಣಕಾಲಿನ ಕಥೆ ನಿಮಗೆಲ್ಲ ಗೊತ್ತು.

ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಚುಚ್ಚುಮದ್ದು ಹೊಂದಿಸಿಕೊಟ್ಟ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯವರು, 84 ದಿನಗಳ ಮಾತ್ರೆ ಎಣಿಸಿಕೊಟ್ಟ ಸಿಸ್ಟರ್, ರಜೆ ಕೇಳಿದಾಗ ಮುಖ ಗಂಟಿಕ್ಕದ ಅಂಗಡಿ ಮಾಲೀಕರು, ದಿನವೂ ಫೋನ್ ಮಾಡಿದ ತಂಗಿ, ಎಲ್ಲರಿಗೂ ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದೆನೆಂದು ತಂಗಿ ಜಗಳಕ್ಕೆ ಬರುತ್ತಾಳೆ. ಬರಲಿ.

ಚಾಚಾ ಅವರದ್ದು ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ಹಲ್ಲು ಕಿತ್ತಿಸಿದ ಜಾಗದಲ್ಲಿ ಆ ರಾತ್ರಿ ಮತ್ತೆ ರಕ್ತ ಸುರಿಯತೊಡಗಿತು. ಹೋದ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಇತ್ತು, ಫ್ರಿಜ್ಜಿನ ಕೀಲಿ ಇದ್ದವರು ಬೆಳಿಗ್ಗೆ ಬರುವವರಿದ್ದರು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಹೆಪಟೈಟಿಸ್ ಎಂಬುದನ್ನು ಓದಿದ ಮೇಲೆ ಮಂಚದ ಹತ್ತಿರ ಸುಳಿಯುವವರೂ ಕಡಿಮೆಯಾದರು. ಪಕ್ಕದ ಮನೆಯ ಚಾಚಾ ಮಂಡಕ್ಕಿ ಭಟ್ಟಿಯಿಂದ ಇದ್ದ ಹಾಗೆಯೇ ಎದ್ದು ಬಂದಿದ್ದರು, ಅಂಗಿಯ ಮೇಲೆಲ್ಲ ಬೂದಿ. ಜೀವಮಾನವೆಲ್ಲ ಬಾಣಲೆಯ ಮುಂದೆ ನಿಂತ ಆ ದಪ್ಪ ಬೆರಳುಗಳು ಕೈಗವಸಿನೊಳಗೆ ಇಳಿಯಲೊಲ್ಲವು. ಎರಡು ಹರಿದವು, ಮೂರನೆಯದು ಹೇಗೋ ಹೊಂದಿತು. ಹತ್ತು ನಿಮಿಷಕ್ಕೊಮ್ಮೆ ಹತ್ತಿಬಟ್ಟೆ ಬದಲಿಸಿ, ಮರಳು ಕಾದ ಹದ ನೋಡುವಂತೆ ಬಗ್ಗಿ ಬಣ್ಣ ನೋಡಿ, ‘ಕಡಿಮೆಯಾಗಿದೆ ಬೇಟಾ’ ಎನ್ನುತ್ತಿದ್ದರು. ಸುಳ್ಳೆಂದು ನನ್ನ ನಾಲಿಗೆಗೇ ಗೊತ್ತಾಗುತ್ತಿತ್ತು.

ಮೂರು ಗಂಟೆಯ ಸುಮಾರಿಗೆ, ಮಾತನಾಡಲಾಗದೆ, ಮೊಬೈಲಿನಲ್ಲಿ ಬರೆದು ತೋರಿಸಿದೆ: ಈ ರೋಗ ಕೊಟ್ಟವನು ಸಿಕ್ಕರೆ ಬಿಡುವುದಿಲ್ಲ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ರಕ್ತ ಕೊಟ್ಟವನಾ? ಅವನಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ, ಪಾಪ’ ಎಂದರು.

ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಏರಿಸುತ್ತಿದ್ದ ಕ್ರಯೋ (ದಾನಿಗಳ ರಕ್ತದಿಂದ ಬೇರ್ಪಡಿಸಿದ ಹೆಪ್ಪುಗಟ್ಟಿಸುವ ಅಂಶ) ಚೀಲ ಒಂದೊಂದೂ ಒಬ್ಬೊಬ್ಬರ ರಕ್ತದ್ದು. ಈ ವೈರಾಣು ಪತ್ತೆಯಾದದ್ದೇ 1989ರಲ್ಲಿ. ಅದಕ್ಕೂ ಮುಂಚೆ ಏನನ್ನು ಹುಡುಕಿ ಪರೀಕ್ಷಿಸುವುದು? ಆ ಚೀಲಗಳಿಲ್ಲದಿದ್ದರೆ ನಾನು ಐದನೆಯ ತರಗತಿ ದಾಟುತ್ತಿರಲಿಲ್ಲ. ಆ ಹೆಸರು ಗೊತ್ತಿಲ್ಲದವರಿಗೂ ನಮಸ್ಕಾರ.

ಅವ್ವ ಮಾತ್ರ ಕೊನೆಯವರೆಗೂ ತನ್ನನ್ನೇ ಬೈದುಕೊಂಡಳು. ಹಿಮೋಫಿಲಿಯಾ ಬಂದದ್ದೂ ನನ್ನಿಂದಲೇ, ಕೈಕಾಲು ಹಿಡಿದು ಆ ರಕ್ತ ತಂದವಳೂ ನಾನೇ ಎಂದು. ಅವ್ವ, ಇನ್ನೆರಡು ವರ್ಷ ಇರಬಾರದಿತ್ತೇ? ಈ ಸಾಲನ್ನು ಎರಡು ಸಲ ಅಳಿಸಿದ್ದೆ.

ಇರಲಿ. ನನ್ನಂತೆ ಆ ಕಾಲದಲ್ಲಿ ರಕ್ತ, ಕ್ರಯೋ ಪಡೆದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ. ಗುಣವಾದ ಮೇಲೂ ಪ್ರತಿಕಾಯ ಪರೀಕ್ಷೆ (ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ರಕ್ಷಣೆಯನ್ನು ಹುಡುಕುವ ಪರೀಕ್ಷೆ) ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ, ಅದಕ್ಕೆ ಹೆದರಬೇಡಿ.

ವರದಿ ಹಿಡಿದು ಭಟ್ಟಿಗೆ ಹೋಗಿದ್ದೆ. ಚಾಚಾ ಕೈ ಒರೆಸಿಕೊಂಡು, ಹಾಳೆಯ ಅಂಚು ಮಾತ್ರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ‘ಆ ಹಲ್ಲು ಕಟ್ಟಿಸಿಕೊಂಡೆಯಾ?’ ಎಂದರು.

ಇಲ್ಲ ಚಾಚಾ. ಇನ್ನೂ ಧೈರ್ಯ ಬಂದಿಲ್ಲ.